ಜೈಲಿಗೆ ಹೇಳದೆ ಬರುತ್ತಿದ್ದ ಮಾಸ್ತರು

ಜೈಲು ಕೆಲಸಕ್ಕೆ ಸೇರಿದವರಲ್ಲಿ ಮೊದಲು ಸೋಲುವುದು ಮೂಗು. ಹೊಸದರಲ್ಲಿ ಬ್ಯಾರಕ್ಕಿನ ಬಾಗಿಲು ತೆಗೆದ ಕೂಡಲೇ ಒದ್ದೆ ಕಂಬಳಿ, ಬೀಡಿ, ಫಿನಾಯಿಲು, ಬೆವರು ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಹೊಡೆಯುತ್ತದೆ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೂ ಅದು ಕೂದಲಲ್ಲೇ ಉಳಿದಿದೆ ಅನ್ನಿಸುತ್ತದೆ. ಆಮೇಲೆ ಒಂದು ದಿನ ಅದೇ ಬಾಗಿಲ ಪಕ್ಕ ಕೂತು ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿರುತ್ತೀರಿ. ವಾಸನೆ ಎಲ್ಲಿಗೂ ಹೋಗಿರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಇಲಾಖೆಗೆ ಹೊಸದಾಗಿ ಆಯ್ಕೆಯಾದ ಕೆಲವು ಹುಡುಗ ಹುಡುಗಿಯರು ಬೆಳಗೋಡಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕಾಫಿ ಕುಡಿದು, ಸ್ವಲ್ಪ ಸಂಕೋಚ ಬಿಟ್ಟ ಮೇಲೆ ಅವರಲ್ಲೊಬ್ಬಳು ಕೇಳಿದ ಮೊದಲ ಪ್ರಶ್ನೆ, ತಪಾಸಣೆಗೆ ಬಂದರೆ ಪಾರಾಗುವುದು ಹೇಗೆ ಅಂತ. ನಾನು ನಕ್ಕೆ. ನಾನೂ ನನ್ನ ಹಿರಿಯರನ್ನು ಅದನ್ನೇ ಕೇಳಿದ್ದೆ. ಆವತ್ತು ಆ ಹುಡುಗರಿಗೆ ಬಸ್ಸಿನ ಹೊತ್ತಾಗಿತ್ತು, ನನಗೆ ಹೇಳಲು ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವ ಯಾವ ಹುದ್ದೆಗೆ ಏರಿದೆ ಅನ್ನುವುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ಕೆಲಸ ಸಿಕ್ಕಾಗ ನಮ್ಮವ್ವ ಊರಲ್ಲಿ ಕೇಳಿದವರಿಗೆಲ್ಲ ಮಗಳು ಸರ್ಕಾರಿ ಆಫೀಸಿನಲ್ಲಿದ್ದಾಳೆ ಎಂದಷ್ಟೇ ಹೇಳುತ್ತಿದ್ದಳು, ಯಾವ ಆಫೀಸು ಎಂದು ಕೊನೆಯವರೆಗೂ ಬಾಯಿ ಬಿಡಲಿಲ್ಲ.

ನಾನು ಮೊದಲು ನೋಡಿದ ತಪಾಸಣೆ ಬಯಲುಸೀಮೆಯ ಒಂದು ದೊಡ್ಡ ಜೈಲಿನದು. ಸಾಹೇಬರು ಬರುತ್ತಾರೆ ಎಂಬ ಸುದ್ದಿ ಮೊದಲೇ ಬಂತು. ಗೋಡೆಗಳಿಗೆ ಸುಣ್ಣವಾಯಿತು, ಸ್ಟೋರಿನಲ್ಲಿದ್ದ ಹೊಸ ಕಂಬಳಿಗಳು ಹೊರಬಂದವು, ಸಾರಿನಲ್ಲಿ ಬೇಳೆ ಕಾಣಿಸಿತು. ಕೈದಿಗಳನ್ನು ಸಾಲಾಗಿ ನಿಲ್ಲಿಸಿ, ಊಟ ಹೇಗಿದೆ ಎಂದು ಕೇಳಿದರೆ ಏನು ಹೇಳಬೇಕೆಂದು ಅಭ್ಯಾಸ ಮಾಡಿಸಿದರು. ಸಾಲಿನಲ್ಲಿ ಕಿವಿ ಸ್ವಲ್ಪ ಮಂದವಾದ ಒಬ್ಬ ಮುದುಕನಿದ್ದ. ಸಾಹೇಬರು ಅವನ ಮುಂದೆ ನಿಂತು, ಈ ಬ್ಯಾರಕ್ಕಿನಲ್ಲಿ ಎಷ್ಟು ಜನ ಮಲಗುತ್ತೀರಿ ಎಂದು ಕೇಳಿದರು. ಅವನು ಎದೆಯುಬ್ಬಿಸಿ, "ಭಾಳ ಚೆನ್ನಾಗೈತೆ ಸಾರ್" ಅಂದ. ಸಾಹೇಬರು ತಲೆಯಾಡಿಸಿ ಮುಂದೆ ಹೋದರು. ಹೋಗುವಾಗ ಗೋಡೆಗೆ ಕೈಯೂರಿದ್ದರಿಂದ ಅಂಗೈಗೆ ಹಸಿ ಸುಣ್ಣ ಹತ್ತಿತು. ಕರವಸ್ತ್ರದಲ್ಲಿ ಒರೆಸಿಕೊಂಡು, ಎಲ್ಲ ತೃಪ್ತಿಕರವಾಗಿದೆ ಎಂದು ಬರೆದು ಸಹಿ ಮಾಡಿದರು.

ಆ ಮನುಷ್ಯ ಕೆಟ್ಟವರಾಗಿರಲಿಲ್ಲ. ಹಿಂದೆ ತಾವೇ ಜೈಲರ್ ಆಗಿದ್ದವರು. ಸುಣ್ಣದ ಹಿಂದೆ ಏನಿರುತ್ತದೆ ಎಂದು ನಮಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಮೇಲೆ ಬರೆದರೆ ತಮ್ಮ ಮೇಲೂ ಬರೆದುಕೊಂಡಂತಾಗುತ್ತಿತ್ತು, ಅಷ್ಟೇ. ಒಂದೇ ಮನೆಯವರು ಒಬ್ಬರ ಮನೆಯನ್ನು ಒಬ್ಬರು ತಪಾಸಣೆ ಮಾಡಿದ ಹಾಗೆ.

ಸರ್ವೀಸಿನ ಕೊನೆಯ ಭಾಗದಲ್ಲಿ ನನ್ನನ್ನು ನಮ್ಮದೇ ಗುಡ್ಡದ ಸೀಮೆಯ ಒಂದು ಸಣ್ಣ ಉಪಕಾರಾಗೃಹಕ್ಕೆ ಜೈಲರ್ ಆಗಿ ಹಾಕಿದರು. ಊರಿನ ಹೆಸರು ಬೇಡ. ಅಲ್ಲಿದ್ದ ಕೆಲವರು ಈಗ ನೆಮ್ಮದಿಯಾಗಿ ಬಾಳುತ್ತಿದ್ದಾರೆ. ಕಲ್ಲಿನ ಗೋಡೆ, ಹೆಂಚಿನ ಮಾಡು, ನಡುವೆ ಒಂದು ಅಂಗಳ. ಸಕಲೇಶಪುರ, ಆಲೂರಿನ ಕಡೆಯ ವಿಚಾರಣಾ ಕೈದಿಗಳು ಬರುತ್ತಿದ್ದರು. ಗದ್ದೆ ಬದುವಿನ ಜಗಳ, ಎಸ್ಟೇಟಿನ ಕೂಲಿ ಲೈನಿನ ಹೊಡೆದಾಟ, ಮರ ಕಡಿದವರು, ಕಡಿದಾದ ರಸ್ತೆಯಲ್ಲಿ ಜೀಪು ಮಗುಚಿಸಿದವರು. ಮಳೆಗಾಲದಲ್ಲಿ ಅಲ್ಲಿ ಯಾವುದೂ ಒಣಗುತ್ತಿರಲಿಲ್ಲ.

ಮುಖ್ಯ ವಾರ್ಡರ್ ಬೋರಲಿಂಗಪ್ಪ ನನಗಿಂತ ಮೊದಲೇ ಅಲ್ಲಿ ಬೇರು ಬಿಟ್ಟಿದ್ದವನು. ದಪ್ಪ ಮೀಸೆ, ಕನ್ನಡಿಯಂತೆ ಹೊಳೆಯುವ ಬೂಟು. ಅವನ ಕಾಲದಲ್ಲಿ ಒಬ್ಬ ಕೈದಿಯೂ ತಪ್ಪಿಸಿಕೊಂಡಿರಲಿಲ್ಲ ಎನ್ನುವುದು ಅವನ ಹೆಮ್ಮೆ. ನಾನೂ ಅವನನ್ನು ನಂಬಿಯೇ ಮೀಟಿಂಗುಗಳಿಗೆ ಹಾಸನಕ್ಕೆ ಹೋಗಿ ಬರುತ್ತಿದ್ದೆ.

ಒಂದು ಆಷಾಢದ ಮಧ್ಯಾಹ್ನ ಗೇಟಿನ ಹೊರಗಿನ ಬೆಂಚಿನ ಮೇಲೆ ಎತ್ತರದ, ಸಪೂರದ ವಯಸ್ಸಾದವರೊಬ್ಬರು ಕೊಡೆ ಮಡಚಿ ಕೂತಿದ್ದರು. ಬೋರಲಿಂಗಪ್ಪ ಅವರನ್ನು ಬಹಳ ಹೊತ್ತು ಅಲ್ಲೇ ಕೂರಿಸಿದ್ದ ಎಂದು ಆಮೇಲೆ ಗೊತ್ತಾಯಿತು. ಹೆಸರು ಅಬ್ದುಲ್ ಖಾದರ್. ಅಣ್ಣತಮ್ಮಂದಿರೆಲ್ಲ ಪೇಟೆಯಲ್ಲಿ ಕಾಫಿ ವ್ಯಾಪಾರ, ಲಾರಿ ಎಂದು ಇದ್ದರೆ ಇವರೊಬ್ಬರು ರೈಲ್ವೆ ಸೇರಿ, ಎಡಕುಮೇರಿಯಂಥ ಘಾಟಿನ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ತರಾಗಿ ನಿವೃತ್ತರಾಗಿದ್ದರು. ಊರಿನವರಿಗೆ ಖಾದರ್ ಮಾಸ್ತರು. ಅವರನ್ನು ನಮ್ಮ ಜೈಲಿಗೆ ಅಧಿಕಾರೇತರ ಸಂದರ್ಶಕರಾಗಿ ನೇಮಿಸಿದ್ದರು. ಅಂದರೆ ನಮ್ಮ ಇಲಾಖೆಗೂ ಪೊಲೀಸಿಗೂ ಸೇರದ, ಹೇಳದೆ ಕೇಳದೆ ಬಂದು ಜೈಲು ನೋಡಿ, ಕಂಡದ್ದನ್ನು ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಗೆ ಬರೆಯುವ ಹಕ್ಕಿರುವ ಊರಿನ ಮನುಷ್ಯ. ಅಂಥ ನೇಮಕ ಹಿಂದೆಯೂ ಆಗಿತ್ತು. ಆದರೆ ಬಂದವರು ಸ್ವಾತಂತ್ರ್ಯ ದಿನದ ಸಿಹಿ ಹಂಚಲು ಬಂದು ಫೋಟೋ ತೆಗೆಸಿಕೊಂಡು ಹೋದವರೇ.

ಮಾಸ್ತರು ಮೊದಲು ಅಡುಗೆಮನೆಗೆ ಹೋದರು. ಒಂದು ತಟ್ಟೆ ತೆಗೆದುಕೊಂಡು, ಸೌಟನ್ನು ಪಾತ್ರೆಯ ತಳದವರೆಗೂ ಇಳಿಸಿ ಸಾರು ಬಡಿಸಿಕೊಂಡು, ಕೈದಿಗಳ ಜೊತೆ ನೆಲದ ಮೇಲೆ ಕೂತು ಉಂಡರು. ಬ್ಯಾರಕ್ಕಿನಲ್ಲಿ ಒಂದು ಕಂಬಳಿ ಎತ್ತಿ ಹಿಂಡಿದರು. ನೀರು ತೊಟ್ಟಿಕ್ಕಿತು. ಆಮೇಲೆ ನಾನು, ಬೋರಲಿಂಗಪ್ಪ ಇಬ್ಬರೂ ನಿಂತಿರುವಾಗಲೇ, ಯಾರಿಗಾದರೂ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು.

ಧರ್ಮ ಎಂಬವನು ಎದ್ದು ನಿಂತ. ವನಗೂರಿನ ಕಡೆ ಜೀಪು ಓಡಿಸುತ್ತಿದ್ದವನು. ಇಳಿಜಾರಿನಲ್ಲಿ ಜೀಪು ಉರುಳಿ ಎಸ್ಟೇಟಿನ ಕೂಲಿಯವರೊಬ್ಬರು ಸತ್ತ ಕೇಸಿನಲ್ಲಿ ಒಳಗಿದ್ದ.

"ಕಂಬಳಿ ಒಣಗಾಕಿಲ್ಲ ಸಾರ್. ಎಲ್ರಿಗೂ ಕೆಮ್ಮು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದ್ರೆ ನಾಟ್ಕ ಅಂತಾರೆ" ಅಂದ.

ಮಾಸ್ತರು ತಲೆಯಾಡಿಸಿ, ನನ್ನ ಆಫೀಸಿನಲ್ಲಿ ಚಹಾ ಕುಡಿದು, ಮಳೆಯಲ್ಲಿ ಹೊರಟುಹೋದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಂಬಳಿ, ಹೆಂಚು, ವೈದ್ಯರು ಎಂದು ನಾನು ಮೇಲಕ್ಕೆ ಬರೆದದ್ದಕ್ಕೆ ಉತ್ತರವೇ ಬಂದಿರಲಿಲ್ಲ. ಈಗ ಹೊರಗಿನವರೊಬ್ಬರು ಬಂದು ಅದನ್ನೇ ನನಗೆ ತೋರಿಸಿ ಹೋದರು.

ಅವರು ಮತ್ತೆ ಬಂದಾಗ, ನಡುವೆ ಎರಡು ಮೂರು ವಾರ ಕಳೆದಿತ್ತೇನೋ, ಬ್ಯಾರಕ್ಕಿನಲ್ಲಿ ಅದೇ ಪ್ರಶ್ನೆ ಕೇಳಿದರು. ಎಲ್ಲರೂ ಒಂದೇ ದನಿಯಲ್ಲಿ ಚೆನ್ನಾಗಿದೆ ಎಂದರು. ಧರ್ಮ ನೆಲ ನೋಡುತ್ತಿದ್ದ. ಮಾಸ್ತರು ಆವತ್ತು ಚಹಾ ಕುಡಿಯಲಿಲ್ಲ. ನೇರ ಪೇಟೆಯ ಜೀಪ್ ಸ್ಟ್ಯಾಂಡಿಗೆ ಹೋಗಿ ವನಗೂರಿನ ಡ್ರೈವರುಗಳನ್ನು ಮಾತಾಡಿಸಿದರಂತೆ. ಮರುದಿನ ಬೆಳಿಗ್ಗೆ ಬಂದು ನನ್ನ ಮುಂದೆ ಕೂತು ವಿಷಯ ಹೇಳಿದರು. ನಾನು ಹಾಸನದಲ್ಲಿದ್ದ ಒಂದು ದಿನ ಧರ್ಮನ ಹೆಂಡತಿ ಲಕ್ಷ್ಮಿ ಗಂಡನನ್ನು ನೋಡಲು ಬಂದಿದ್ದಳು. ಬೆಳಗಿನ ಜೀಪು ಹಿಡಿದು ಗುಡ್ಡ ಇಳಿದು, ಬಸ್ಸು ಬದಲಾಯಿಸಿ ಬಂದವಳನ್ನು ಇವತ್ತು ಸಂದರ್ಶನ ಇಲ್ಲವೆಂದು ಗೇಟಿನಿಂದಲೇ ವಾಪಸು ಕಳಿಸಿದ್ದರು.

ನಾನು ಅವರ ಮೇಲೆ ರೇಗುವುದಕ್ಕೆ ಸಿದ್ಧಳಾಗಿದ್ದೆ. ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

"ತಪ್ಪು ನಂದು ಕಣ್ರೀ ಮೇಡಂ. ನಿಮ್ಮೆಲ್ಲರ ಎದುರಿಗೆ ಕೇಳಬಾರದಿತ್ತು. ನಾನು ಕೇಳಿ ಮನೆಗೆ ಹೋದೆ, ಅವನು ಇಲ್ಲೇ ಉಳಿದ" ಅಂದರು.

ಬೋರಲಿಂಗಪ್ಪನನ್ನು ಕರೆಸಿದೆ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಅದು ತಪ್ಪು ಎಂದೇ ಅನ್ನಿಸಿರಲಿಲ್ಲ.

"ಹೌದು, ಕಳಿಸ್ಬುಟ್ಟೆ. ಹೊರಗ್ನೋರ ಮುಂದೆ ನಮ್ ಮರ್ಯಾದೆ ತೆಗೆದ. ಇವತ್ತು ಕಂಬ್ಳಿ ಅಂತಾನೆ, ನಾಳೆ ಗೇಟ್ ತೆಗಿ ಅಂತಾನೆ. ಇವ್ರೇನೋ ಬಂದು ಹೋಗ್ತಾರೆ. ದಿನಾ ಒಳಗೆ ಹೋಗೋನು ನಾನು."

ಅವನ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಅದೇ ಕಷ್ಟ. ಕೆಲವೇ ವಾರ್ಡರುಗಳು ಅಷ್ಟು ಜನರನ್ನು ಕಾಯಬೇಕಾದರೆ ಒಂದಿಷ್ಟು ಹೆದರಿಕೆ ಬೇಕು ಎಂದು ನಾವೆಲ್ಲ ನಂಬಿದ್ದೆವು. ನಾನು ಅವನಿಗೆ ಬಾಯಿಮಾತಿನಲ್ಲಿ ಎಚ್ಚರಿಕೆ ಕೊಟ್ಟೆ. ಮುಖ ಗಂಟು ಹಾಕಿಕೊಂಡು ಹೋದ.

ಅಷ್ಟರಲ್ಲಿ ಮಾಸ್ತರ ಓಡಾಟದ ಸುದ್ದಿ ಮೇಲಕ್ಕೆ ಮುಟ್ಟಿತ್ತು. ಮೇಲಧಿಕಾರಿಯೊಬ್ಬರು ಫೋನ್ ಮಾಡಿದರು. ಆ ಮುದುಕನನ್ನು ಗೇಟಿನಲ್ಲೇ ನಿಲ್ಲಿಸಿ, ಮೊದಲೇ ಪತ್ರ ಬರೆದು ದಿನ ಗೊತ್ತು ಮಾಡಿಕೊಂಡು ಬರಲಿ ಎಂದರು. ನನ್ನ ಪಿಂಚಣಿ ಹತ್ತಿರದಲ್ಲಿತ್ತು. ಹೌದು ಸಾರ್ ಎಂದಿದ್ದರೆ ಎಲ್ಲ ಸುಲಭವಾಗುತ್ತಿತ್ತು, ಬೋರಲಿಂಗಪ್ಪನಿಗೂ ಸಮಾಧಾನವಾಗುತ್ತಿತ್ತು. ಆದರೆ ಆ ಮನುಷ್ಯ ತಪ್ಪು ನಂದು ಎಂದು ನನ್ನ ಮುಂದೆ ಕೂತು ಹೇಳಿದ್ದು ಮನಸ್ಸಿನಿಂದ ಹೋಗಿರಲಿಲ್ಲ. ಅಷ್ಟು ವರ್ಷದ ಸರ್ವೀಸಿನಲ್ಲಿ ತಪಾಸಣೆಗೆ ಬಂದ ಯಾರ ಬಾಯಲ್ಲೂ ನಾನು ಆ ಮಾತು ಕೇಳಿರಲಿಲ್ಲ.

"ನಿಯಮದಲ್ಲಿ ಹಾಗಿಲ್ಲ ಸಾರ್. ತಾವು ಬರವಣಿಗೆಯಲ್ಲಿ ಕಳಿಸಿದರೆ ಗೇಟಿನ ಮೇಲೆ ಅಂಟಿಸುತ್ತೇನೆ" ಎಂದೆ.

ಆ ಕಡೆ ಫೋನ್ ಇಟ್ಟರು. ಬರವಣಿಗೆ ಬರಲಿಲ್ಲ. ಹೊಸಬರಿಗೆ ನಾನು ಕೊಡಬಹುದಾದ ಒಂದು ಉಪಾಯ ಇದು. ದನಿ ಏರಿಸದೆ, ವಿನಯದಿಂದ ಹೇಳಬೇಕು.

ಮಾಸ್ತರು ಮುಂದಿನ ಸಲ ಬಂದಾಗ ಕ್ರಮ ಬದಲಾಗಿತ್ತು. ಅಂಗಳದ ಮೂಲೆಯಲ್ಲಿ ತಗಡಿನ ಚಪ್ಪರದ ಕೆಳಗೆ ಎರಡು ಸ್ಟೂಲು ಹಾಕಿಸಿದರು. ವಾರ್ಡರುಗಳಿಗೆ ಕಾಣಬೇಕು, ಕೇಳಿಸಬಾರದು. ಒಬ್ಬೊಬ್ಬರನ್ನೇ ಕರೆದರು. ಒಬ್ಬನನ್ನೂ ಬಿಡಲಿಲ್ಲ, ಒಬ್ಬನಿಗೂ ಹೆಚ್ಚು ಹೊತ್ತು ಕೊಡಲಿಲ್ಲ. ಹೇಳಲು ಏನೂ ಇಲ್ಲದವನ ಹತ್ತಿರ ಊರು, ಮಳೆ, ಮಕ್ಕಳು ಎಂದು ಮಾತಾಡಿ ಅಷ್ಟೇ ಹೊತ್ತು ಕೂರಿಸಿದರು. ಯಾರು ದೂರು ಹೇಳಿದರು ಎಂದು ಹೊರಗಿನಿಂದ ನೋಡುವವರಿಗೆ ತಿಳಿಯುವಂತಿರಲಿಲ್ಲ. ಬೋರಲಿಂಗಪ್ಪ ಅಂಗಳದ ಈಚೆ ಕೈ ಕಟ್ಟಿ ನಿಂತು, ಇದೇನು ಹೆಣ್ಣು ನೋಡೋ ಶಾಸ್ತ್ರನಾ ಎಂದು ನಕ್ಕ.

ನಿಂಗೇಗೌಡ ಎಂಬ ವಯಸ್ಸಾದ ಕೈದಿಯ ಸರದಿ ಬಂತು. ಆಲೂರಿನ ಕಡೆಯ ರೈತ. ಬದುವಿನ ಜಗಳದಲ್ಲಿ ದಾಯಾದಿಗೆ ಕತ್ತಿ ಬೀಸಿದ್ದ. ಒಳಗೆ ಬಂದಾಗಿನಿಂದ ಯಾರ ತಂಟೆಗೂ ಹೋಗದವನು, ಎಂದೂ ಒಂದು ದೂರು ಹೇಳದವನು. ಬೆಳಗಿನ ಹಾಜರಿಯಲ್ಲಿ ನಾನು ಹೇಗಿದ್ದೀರಿ ಎಂದರೆ ಕೈ ಮುಗಿಯುತ್ತಿದ್ದ. ಅವನು ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತಾದ ಮೇಲೆ ಮಾಸ್ತರು ಮುಂದಕ್ಕೆ ಬಗ್ಗಿದ್ದು ಕಾಣಿಸಿತು. ಆಮೇಲೆ ಅವರು ಎದ್ದು, ಮಳೆಯಲ್ಲೇ ಅಂಗಳ ದಾಟಿ ನನ್ನ ಹತ್ತಿರ ಬಂದರು.

"ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಕೆಮ್ಮಿದಾಗ ರಕ್ತ ಬರ್ತಿದೆ. ಟವಲಿನಲ್ಲಿ ಉಗುಳಿ, ಯಾರೂ ಏಳೋ ಮುಂಚೆ ತೊಳೆದುಬಿಡ್ತಿದ್ದಾರೆ. ಉಳಿದವರನ್ನ ಆಮೇಲೆ ನೋಡ್ತೀನಿ, ಮೊದಲು ಗಾಡಿ ಕರೆಸಿ" ಅಂದರು.

ಯಾಕೆ ಮುಚ್ಚಿಟ್ಟಿದ್ದ ಎಂದು ನಾನೇ ಹೋಗಿ ಕೇಳಿದೆ. ಅವನ ತಮ್ಮನ ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. ಆಸ್ಪತ್ರೆಗೆಂದು ಕೈಗೆ ಕೋಳ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ನಡೆಸಿಕೊಂಡು ಹೋದರೆ ಬೀಗರ ಕಡೆಯವರು ಯಾರಾದರೂ ನೋಡಿಬಿಡುತ್ತಾರೆ ಎನ್ನುವ ಭಯ.

"ಕ್ವಾಳ ಹಾಕ್ಬ್ಯಾಡಿ ಕಣವ್ವ. ಇಲ್ಲೇ ಸತ್ರೂ ಚಿಂತಿಲ್ಲ" ಅಂದ.

ಕೋಳ ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಕಾಯುವ ಹೊಣೆ ಬೋರಲಿಂಗಪ್ಪನದು. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಕೈದಿ ತಪ್ಪಿಸಿಕೊಂಡರೆ ಅವನ ಹೆಮ್ಮೆಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಆದರೂ ತನ್ನ ರೈನ್‌ಕೋಟು ತಂದು ಮುದುಕನಿಗೆ ಹೊದಿಸಿ ಗಾಡಿ ಹತ್ತಿಸಿದ.

ಪರೀಕ್ಷೆಯಲ್ಲಿ ಕ್ಷಯ ಎಂದು ಗೊತ್ತಾಯಿತು. ಬ್ಯಾರಕ್ಕಿನವರನ್ನೆಲ್ಲ ಪರೀಕ್ಷಿಸಿದಾಗ ಪಕ್ಕದಲ್ಲಿ ಮಲಗುತ್ತಿದ್ದ ಇನ್ನೊಬ್ಬನಲ್ಲೂ ರೋಗ ಶುರುವಾಗಿತ್ತು. ಇಬ್ಬರಿಗೂ ಔಷಧಿ ಹಿಡಿಸಿತು. ಮಳೆಗಾಲ ಮುಗಿಯುವವರೆಗೆ ಹೀಗೇ ಬಿಟ್ಟಿದ್ದರೆ ನಿಂಗೇಗೌಡ ಉಳಿಯುತ್ತಿರಲಿಲ್ಲ, ಒಳಗೆ ಇನ್ನೆಷ್ಟು ಜನಕ್ಕೆ ಹರಡುತ್ತಿತ್ತೋ ಎಂದು ವೈದ್ಯರು ಹೇಳಿದರು. ಸಿಬ್ಬಂದಿಯನ್ನೂ ಪರೀಕ್ಷಿಸಿದರು. ಫಲಿತಾಂಶ ಬರುವವರೆಗೆ ಬೋರಲಿಂಗಪ್ಪ ತನ್ನ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲವಂತೆ. ಅವನಿಗೆ ಏನೂ ಇರಲಿಲ್ಲ.

ಈ ಪ್ರಕರಣವನ್ನು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ದೂರು ಇದ್ದವರು ಮಾತ್ರ ಮುಂದೆ ಬನ್ನಿ ಎಂದಿದ್ದರೆ ನಿಂಗೇಗೌಡ ಎಂದೂ ಬರುತ್ತಿರಲಿಲ್ಲ. ಎಲ್ಲರನ್ನೂ ಕರೆದದ್ದರಿಂದ ಅವನೂ ಕೂರಲೇಬೇಕಾಯಿತು. ಮತ್ತೆ, ಅವನು ನನಗೆ ಯಾಕೆ ಹೇಳಲಿಲ್ಲ? ನಾನು ಗದರುವವಳಾಗಿರಲಿಲ್ಲ. ಆದರೆ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅದಿರುವವರ ಹತ್ತಿರ ಮನುಷ್ಯ ಮಾತನ್ನು ಅಳೆದು ಆಡುತ್ತಾನೆ. ನೀವು ಎಷ್ಟು ಒಳ್ಳೆಯವರಾದರೂ ಇದು ತಪ್ಪುವುದಿಲ್ಲ. ಹಾಗಾಗಿಯೇ ಬೀಗದ ಕೈ ಇಲ್ಲದ ಒಬ್ಬರು ಆಗಾಗ ಬರುತ್ತಿರಬೇಕು.

ಮಾಸ್ತರು ಇದನ್ನೇ ರೈಲ್ವೆಯ ಮಾತಿನಲ್ಲಿ ಹೇಳುತ್ತಿದ್ದರು. ಘಾಟಿಯಲ್ಲಿ ಹೊಸ ಹಳಿ ಹಾಕಿ ಮುಗಿಸಿ, ಎಂಜಿನಿಯರುಗಳು ಎಲ್ಲ ಸರಿ ಇದೆ ಎಂದ ಮೇಲೂ, ರೈಲ್ವೆಯವರ ಕೈಕೆಳಗಿಲ್ಲದ ಒಬ್ಬ ಅಧಿಕಾರಿ ಬಂದು ನೋಡುವವರೆಗೆ ಜನರ ಗಾಡಿ ಬಿಡುವಂತಿರಲಿಲ್ಲವಂತೆ. ನಮ್ಮನ್ನೇ ನಂಬುವುದಿಲ್ಲವಲ್ಲ ಎಂದು ಇವರಿಗೆಲ್ಲ ಸಿಟ್ಟು. ಆ ಅಧಿಕಾರಿ ಟ್ರಾಲಿಯಲ್ಲಿ ಬಂದು, ಒಂದು ಸೇತುವೆಯ ಹತ್ತಿರ ಇಳಿದು, ಪ್ಯಾಂಟು ಮಡಚಿಕೊಂಡು ಕೆಳಗಿನ ಹಳ್ಳಕ್ಕೇ ಇಳಿದುಬಿಟ್ಟರಂತೆ. ಅಲ್ಲಿ ಏನೂ ದೋಷ ಸಿಗಲಿಲ್ಲ. ಆದರೆ ಅದರ ಮೇಲೆ ದಿನಾ ಓಡಾಡುವ ತಾವು ಒಂದು ಸಲವೂ ಕೆಳಗೆ ಬಗ್ಗಿ ನೋಡಿರಲಿಲ್ಲ ಎಂದು ಮಾಸ್ತರು ನಗುತ್ತಿದ್ದರು.

ಕೈದಿಗಳದು ಮುಗಿದ ಮೇಲೆ ಮಾಸ್ತರು ಸಿಬ್ಬಂದಿಯನ್ನೂ ಹಾಗೇ ಒಬ್ಬೊಬ್ಬರಾಗಿ ಕೂರಿಸಬೇಕು ಎಂದರು. ಬೋರಲಿಂಗಪ್ಪ ನಂಗೇನೂ ಹೇಳೋದಿಲ್ಲ ಎಂದು ಎರಡು ಸಲ ತಪ್ಪಿಸಿಕೊಂಡ. ಮೂರನೆಯ ಸಲ ಕೂತವನು ಏಳಲೇ ಇಲ್ಲ. ಎಲ್ಲರಿಗೂ ಒಂದೇ ಅಳತೆ ಎನ್ನುವ ನಿಯಮವನ್ನು ಮಾಸ್ತರು ಅವನಿಗಾಗಿ ಮಾತ್ರ ಮುರಿದರು. ಏನು ಮಾತಾಡಿದ ಎಂದು ನಾನು ಕೇಳಲಿಲ್ಲ. ಅವನೇ ಆಮೇಲೆ ಹೇಳಿದ. ಹೆಂಡತಿಗೆ ಆಪರೇಷನ್ ಆದಾಗ ರಜೆ ಸಿಗದೆ ಹೋದದ್ದು, ಬದಲಿ ಜನರಿಲ್ಲದೆ ವಾರದ ರಜೆಯನ್ನೇ ಮರೆತದ್ದು, ವಸತಿಗೃಹದ ಮಾಡು ಸೋರಿ ಮಕ್ಕಳ ಪುಸ್ತಕಗಳನ್ನು ಪಾತ್ರೆಯಲ್ಲಿ ಮುಚ್ಚಿಡುತ್ತಿದ್ದದ್ದು.

"ಇನ್‌ಸ್ಪೆಕ್ಷನ್‌ಗೆ ಬಂದೋರೆಲ್ಲ ನನ್ ಬೂಟ್ ನೋಡವ್ರೆ ಮೇಡಂ. ಮುಖ ನೋಡಿ ಹೆಂಗಿದ್ದೀಯಾ ಅಂದೋರು ಇವ್ರೊಬ್ರೆಯ" ಅಂದ.

ಅವನು ಒಂದೇ ದಿನದಲ್ಲಿ ಬದಲಾದ ಎಂದರೆ ಸುಳ್ಳಾಗುತ್ತದೆ. ಬೈಗುಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆದರೆ ಒಂದು ಭಾನುವಾರ ಅವನೇ ಜೀಪ್ ಸ್ಟ್ಯಾಂಡಿಗೆ ಹೋಗಿ, ಧರ್ಮನ ಹೆಂಡತಿಗೆ ಬರಹೇಳಿ ಎಂದು ವನಗೂರಿನ ಡ್ರೈವರಿಗೆ ಹೇಳಿ ಕಳಿಸಿದ. ಲಕ್ಷ್ಮಿ ಬಂದಾಗ ಗೇಟಿನಲ್ಲಿ ಅವನೇ ನಿಂತಿದ್ದ. ಅವಳು ಅವನನ್ನು ಕಂಡು ಹಿಂದೆ ಸರಿದಳು. ಅವನು ಬಾಗಿಲು ತೆಗೆದು, ಕುರ್ಚಿ ಹಾಕಿ, ಧರ್ಮನನ್ನು ಕರೆತಂದು, "ಇವತ್ತು ಟೈಮ್ ನೋಡಾಕಿಲ್ಲ, ಮಾತಾಡ್ಕಳಿ" ಎಂದು ಹೇಳಿ ಆಚೆ ಹೋದ. ಧರ್ಮ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ವರದಿ ಕಳಿಸುವ ಮುಂಚೆ ಮಾಸ್ತರು ನನಗೆ ಓದಲು ಕೊಟ್ಟರು. ಹೆಂಚು, ವೈದ್ಯರು, ಸಿಬ್ಬಂದಿ ಕೊರತೆ ಎಲ್ಲ ಸ್ಪಷ್ಟವಾಗಿ ಬರೆದಿದ್ದರು. ನನ್ನ ಸಹಕಾರವನ್ನು ಹೊಗಳಿದ್ದರು. ಆ ಹೊಗಳಿಕೆಯ ಮೇಲುಗಡೆ ಒಂದು ಸಾಲಿತ್ತು. ಒಳಗಿದ್ದವರೊಬ್ಬರು ರಕ್ತ ಕೆಮ್ಮುತ್ತಿದ್ದುದು ಜೈಲರ್‌ಗೆ ತಿಳಿದಿರಲಿಲ್ಲ, ತಿಳಿದಿರಬೇಕಿತ್ತು. ನಾನು ಎರಡನೆಯ ಮಾತನ್ನು ತೆಗೆಯಿರಿ ಎಂದು ಕೇಳಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು.

"ಕೆಳಗೆ ನಿಮ್ಮ ಬಗ್ಗೆ ಒಳ್ಳೆ ಮಾತು ಬರೆದಿದ್ದೀನಲ್ಲ, ಅದನ್ನ ಯಾರಾದರೂ ನಂಬಬೇಕಾದರೆ ಇದೂ ಇರಬೇಕು."

ಸಾಲು ಉಳಿಯಿತು. ಮೇಲಿನಿಂದ ನನಗೆ ವಿವರಣೆ ಕೇಳಿ ನೋಟಿಸು ಬಂತು. ಉತ್ತರ ಕೊಟ್ಟೆ. ಆಮೇಲೆ ನ್ಯಾಯಾಧೀಶರೇ ಒಂದು ದಿನ ಬಂದು ನೋಡಿದರು. ಮುಂದಿನ ಮಳೆಗಾಲದೊಳಗೆ ಮಾಡಿನ ಹೆಂಚು ಬದಲಾಯಿತು, ವಾರಕ್ಕೊಮ್ಮೆ ವೈದ್ಯರು ಬರತೊಡಗಿದರು, ಹೊಸ ವಾರ್ಡರುಗಳು ಬಂದರು, ವಾರದ ರಜೆ ವಾಪಸು ಬಂತು. ನಾನು ವರ್ಷಗಟ್ಟಲೆ ಕೇಳಿದ್ದೂ ಇವನ್ನೇ. ಜೈಲರ್ ಕೇಳಿದರೆ ಅದು ಬೇಡಿಕೆ, ಒಂದು ಫೈಲಿನ ಮೇಲೆ ಇನ್ನೊಂದು ಕೂರುತ್ತದೆ. ಹೊರಗಿನವರು ನೋಡಿ ಬರೆದರೆ ಅದಕ್ಕೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಈ ವ್ಯತ್ಯಾಸ ನನಗೆ ಅರ್ಥವಾಗುವಷ್ಟರಲ್ಲಿ ಕೂದಲು ಬೆಳ್ಳಗಾಗಿತ್ತು. ನಿಮಗೆ ಮೊದಲ ವರ್ಷವೇ ಅರ್ಥವಾಗಲಿ.

ಮಾಸ್ತರು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದುಕೊಳ್ಳಬೇಡಿ. ಕಂಬಳಿ ಒಣಗಿಸಲು ಅವರೇ ಒಂದು ಯೋಜನೆ ಹಾಕಿದರು. ಅಡುಗೆಮನೆಯ ಒಲೆಗಳ ಮೇಲೆ ತಂತಿ ಕಟ್ಟಿ ಕಂಬಳಿ ನೇತುಹಾಕುವುದು. ಕಂಬಳಿಗಳೇನೋ ಒಣಗಿದವು. ಆದರೆ ಹೊದ್ದುಕೊಂಡರೆ ಸಾರಿನ ಒಗ್ಗರಣೆಯ ವಾಸನೆ. ಮಲಗಿದರೆ ಹಸಿವಾಗುತ್ತದೆ ಎಂದು ಕೈದಿಗಳು ದೂರು ಕೊಟ್ಟರು. ಮಾಸ್ತರು ಆ ದೂರನ್ನೂ ಗಂಭೀರವಾಗಿ ತಮ್ಮ ಮೇಲೇ ಬರೆದುಕೊಂಡರು. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಕೇಳಿದಾಗ ಧರ್ಮ, ಎಸ್ಟೇಟುಗಳಲ್ಲಿ ಏಲಕ್ಕಿ ಒಣಗಿಸುವ ಗೂಡಿನ ಹಾಗೆ ಮಾಡಬಹುದಲ್ಲ ಎಂದ. ಬೆಂಕಿ ಹೊರಗೆ, ಕೋಣೆಯ ಒಳಗೆ ಬಿಸಿ ಕೊಳವೆ ಮಾತ್ರ. ಏಲಕ್ಕಿ ತೋಟದಲ್ಲಿ ದುಡಿದ ಇನ್ನೂ ಇಬ್ಬರು ತಮಗೆ ತಿಳಿದದ್ದು ಸೇರಿಸಿದರು. ಎಂಜಿನಿಯರು ಬೆಂಕಿಯ ಭಯದಿಂದ ಮೊದಲು ಒಪ್ಪಲಿಲ್ಲ, ಆಮೇಲೆ ತಾವೇ ಕೂತು ನಕ್ಷೆ ತಿದ್ದಿ ಕೊಟ್ಟರು. ಹಿಂದೆ ಸೌದೆ ತುಂಬುತ್ತಿದ್ದ ಒಂದು ಕೋಣೆ ಹಾಗೆ ಕಂಬಳಿ ಗೂಡಾಯಿತು. ಆ ಮಳೆಗಾಲದಲ್ಲಿ ಬ್ಯಾರಕ್ಕಿನ ಕೆಮ್ಮು ಕಡಿಮೆಯಾದದ್ದು ಆಫೀಸಿನಲ್ಲಿ ಕೂತವಳಿಗೂ ಕೇಳಿಸುತ್ತಿತ್ತು.

ಈಗ ಜೈಲುಗಳಿಗೆಲ್ಲ ಕ್ಯಾಮೆರಾ ಬಂದಿದೆ. ಕೋರ್ಟಿಗೆ ಕರೆದೊಯ್ಯುವ ಬದಲು ಪರದೆಯ ಮೇಲೆ ವಿಚಾರಣೆ ನಡೆಯುತ್ತದೆ. ಇನ್ನು ಸಂದರ್ಶಕರು ಯಾಕೆ ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ನಿಂಗೇಗೌಡ ಕ್ಯಾಮೆರಾ ಇದ್ದಿದ್ದರೂ ಅದಕ್ಕೆ ಬೆನ್ನು ತಿರುಗಿಸಿ ಟವಲು ತೊಳೆಯುತ್ತಿದ್ದ. ಅವನು ಗುಣವಾಗಿ, ಕೇಸು ರಾಜಿಯಾಗಿ ಊರಿಗೆ ಹೋದ. ತಮ್ಮನ ಮಗಳ ಮದುವೆಯ ಕಾಗದ ಜೈಲಿನ ವಿಳಾಸಕ್ಕೇ ಬಂತು, ನನಗೆ ಒಂದು, ಬೋರಲಿಂಗಪ್ಪನಿಗೆ ಒಂದು. ಇಬ್ಬರೂ ಹೋಗಿದ್ದೆವು. ಯಾರು ಎಂದು ಬೀಗರು ಕೇಳಿದಾಗ ಮುದುಕ, ಹಾಸನದ ಕಡೆ ಪರಿಚಯದೋರು ಎಂದು ಹೇಳಿದ. ಧರ್ಮನೂ ಜಾಮೀನಿನ ಮೇಲೆ ಹೊರಬಂದು ಮತ್ತೆ ಜೀಪು ಓಡಿಸುತ್ತಿದ್ದಾನೆ. ಮೊದಲಿಗಿಂತ ನಿಧಾನವಾಗಿ ಓಡಿಸುತ್ತಾನೆ ಎಂದು ಲಕ್ಷ್ಮಿ ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಹೇಳಿದಳು.

ನನ್ನ ನಿವೃತ್ತಿಗೆ ಕೆಲವು ತಿಂಗಳಿರುವಾಗ ಮಾಸ್ತರ ಮಂಡಿ ನೋವು ಹೆಚ್ಚಾಗಿ ಬರುವುದು ನಿಂತಿತು. ಅವರ ಜಾಗಕ್ಕೆ ಚಿಕ್ಕ ವಯಸ್ಸಿನ ವಕೀಲೆಯೊಬ್ಬಳನ್ನು ನೇಮಿಸಿದರು. ಅವಳು ಬರುವ ದಿನ ನಮಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಜೋರು ಮಳೆ. ಗೇಟಿನಲ್ಲಿ ಬೋರಲಿಂಗಪ್ಪನಿದ್ದ. ಅವಳು ಚೀಲದಿಂದ ನೇಮಕದ ಆದೇಶ ತೆಗೆದು ಕೊಟ್ಟಳು, ಅವನು ನನ್ನ ಆಫೀಸಿನ ಕಿಟಕಿಯತ್ತ ಒಮ್ಮೆ ನೋಡಿ, ಅದನ್ನು ಓದಿ, ಗೇಟು ತೆಗೆದ. ನಾನು ವರಾಂಡಕ್ಕೆ ಬರುವಷ್ಟರಲ್ಲಿ ಅವಳನ್ನು ಅಂಗಳದವರೆಗೆ ಕರೆತಂದಿದ್ದ. ಅವಳು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದಳು.

"ಮೊದ್ಲು ಅಡಿಗೆಮನೆ ನೋಡಿ ಮೇಡಂ. ಚರಂಡಿ ಒಡ್ದೋಗೈತೆ, ನಾವು ಹೇಳಿ ಹೇಳಿ ಸಾಕಾಗೈತೆ. ಆಮೇಲೆ ಇಲ್ಲಿ ಸ್ಟೂಲ್ ಹಾಕಿಸ್ತೀನಿ, ಒಬ್ಬೊಬ್ರನ್ನೇ ಕರೀರಿ, ಯಾರ್ನೂ ಬಿಡ್ಬ್ಯಾಡಿ" ಎಂದು ಬೋರಲಿಂಗಪ್ಪ ಹೇಳಿದ.

ಅವಳು ತಲೆಯಾಡಿಸಿದಳು. ಅವನು ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದ.

"ನನ್ ಬಗ್ಗೆನೂ ಏನಾರ ಹೇಳ್ತಾರೆ. ಬರ್ಕಳಿ."

ಹಾಗೆಂದು, ಮಾತು ಕಿವಿಗೆ ಬೀಳದಷ್ಟು ದೂರ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ಮಳೆ ನೋಡುತ್ತಾ ನಿಂತ.